ಹೊಳೆಮಲ್ಲನ ಹನ್ನೊಂದು ಸಂಚಿಕೆಗಳು

ಮೈದಾ ಹಿಟ್ಟಿನ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸಿದರೆ ಒಂದು ವಾಸನೆ ಹುಟ್ಟುತ್ತದೆ. ಹಳಸಿದ ಹಿಟ್ಟು, ಹಳೆಯ ತಾಮ್ರದ ಕಾಸು ಎರಡೂ ಸೇರಿದಂಥ ವಾಸನೆ. ಹುಳ ಹಿಡಿಯಬಾರದೆಂದು ಪುಸ್ತಕ ಕಟ್ಟುವವರು ಹಾಗೆ ಮಾಡುತ್ತಾರೆ. ಹೋದ ತಿಂಗಳು ರಾಯಚೂರಿನ ನಮ್ಮ ಮನೆಯಲ್ಲಿ ಟ್ರಂಕಿನ ತಳದಿಂದ ಕೆಂಪು ಬಟ್ಟೆಯ ಬೆನ್ನಿನ ಒಂದು ಪುಸ್ತಕ ಹೊರಗೆಳೆದಾಗ ಆ ವಾಸನೆ ಮೂಗಿಗೆ ಬಡಿಯಿತು. ಮೂವತ್ತು ವರ್ಷದ ಮೇಲಾಯಿತು, ಇನ್ನೂ ಹೋಗಿಲ್ಲ. ಪುಸ್ತಕಕ್ಕಿಂತ ಮೊದಲು ಅದನ್ನು ಕಟ್ಟಿದ ಖಾಲಾ ನೆನಪಾದರು.

ಪುಸ್ತಕ ಹುಡುಕುವ ಕೆಲಸ ಹಚ್ಚಿದವನು ಯಾಪಲದಿನ್ನಿಯ ಒಬ್ಬ ತರುಣ. ರಾಯಚೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಹಳೆಯ ಕನ್ನಡ ಕಾಮಿಕ್ಸ್ ಕೂಡಿಸುವ ಹುಚ್ಚು. ಅಂಥದೇ ಹುಚ್ಚಿನವರ ಒಂದು ಗುಂಪು ಅವನ ಫೋನಿನಲ್ಲಿದೆ. ಎಲ್ಲಿಂದಲೋ ನನ್ನ ನಂಬರು ಹಿಡಿದು ಫೋನು ಮಾಡಿದ್ದ. "ಮೇಡಂ, ನಿಮ್ಮ ಹತ್ರ ಹೊಳೆಮಲ್ಲ ಹನ್ನೊಂದೂ ನಂಬರ್ ಅದಾವ ಅಂತಲ್ರೀ. ಯಾವುದು ಮೊದಲ ಓದಬೇಕು, ಯಾವುದು ಬಿಟ್ರ ನಡೀತದ ಅಂತ ಗುಂಪಿನವರಿಗೆ ಒಂದು ಎರಡು ಪುಟ ಬರ್ದು ಕೊಡ್ರಿ." ಒಪ್ಪಿಕೊಂಡೆ. ನಿವೃತ್ತ ಶಿಕ್ಷಕಿ ನಾನು. ಯಾವುದು ಮೊದಲು, ಯಾವುದು ಆಮೇಲೆ ಎಂದು ಊರಿಗೆಲ್ಲ ಹೇಳುವುದರಲ್ಲೇ ಆಯುಷ್ಯ ಕಳೆದವಳಿಗೆ ಇದೇನು ಮಹಾ ಎಂದುಕೊಂಡೆ.

ಹೊಳೆಮಲ್ಲ ಯಾರೆಂದು ಈಗ ಯಾರಿಗೂ ಗೊತ್ತಿಲ್ಲ, ಆಗಲೂ ಬಹಳ ಮಂದಿಗೆ ಗೊತ್ತಿರಲಿಲ್ಲ. ಕೃಷ್ಣೆಯಲ್ಲಿ ಹರಿಗೋಲು ಹಾಕುವ ಹುಡುಗ. ಬೇಸಿಗೆಯಲ್ಲಿ ಬತ್ತಿದ ಹೊಳೆಯ ಮಡುವಿನಲ್ಲಿ ಅವನಿಗೊಂದು ಕರಿಕಲ್ಲು ಸಿಗುತ್ತದೆ. ಅಂದಿನಿಂದ ಎರಡು ಅಂಗೈ ಮುಂದೆ ಚಾಚಿದರೆ ಸಾಕು, ಹರಿಯುವ ಹೊಳೆ ನಿಲ್ಲುತ್ತದೆ. ನೀಲಿ ಅಂಗಿ, ಮೊಣಕಾಲ ಮೇಲೆ ಎತ್ತಿ ಕಟ್ಟಿದ ಧೋತರ. ಮುಖಕ್ಕೆ ಮುಸುಕಿಲ್ಲ. ಹಳ್ಳಿಯಲ್ಲಿ ಮುಸುಕು ಹಾಕಿದರೂ ನಡಿಗೆ ನೋಡಿಯೇ ಗುರುತು ಹಿಡಿಯುತ್ತಾರೆ ಎಂದು ಚಿತ್ರಕಾರನಿಗೆ ಗೊತ್ತಿತ್ತೇನೋ. ಯಾವುದೋ ಸಣ್ಣ ಪ್ರೆಸ್ಸಿನವರು ತಿಂಗಳಿಗೊಂದರಂತೆ ಹನ್ನೊಂದು ತಂದು ಬಾಗಿಲು ಹಾಕಿದರು. ನಾಲ್ಕನೆಯದಕ್ಕೆ ಚಿತ್ರಕಾರ ಬದಲಾಗಿ ಹೊಳೆಮಲ್ಲನ ಮೀಸೆಯೇ ಮಾಯ. ಐದರಲ್ಲಿ ಮೀಸೆ ಮರಳಿ ಬಂತು, ಯಾರೂ ಕಾರಣ ಹೇಳಲಿಲ್ಲ. ಆರರಲ್ಲಿ ನೀಲಿ ಮಸಿ ಮುಗಿದಿರಬೇಕು, ಅಂಗಿ ಹಸಿರಾಯಿತು.

ನಾನು ಕಾಮಿಕ್ಸ್ ಓದುವವಳೇನಲ್ಲ. ದೇವದುರ್ಗದ ಸಾಲೆಗೆ ಹೊಸದಾಗಿ ಸೇರಿದ್ದೆ. ಪಾಠದ ಪುಸ್ತಕ ಕಂಡರೆ ಮಾರು ದೂರ ಓಡುವ ಮಕ್ಕಳು ಇದನ್ನಾದರೂ ಓದಲಿ ಎಂದು ಕೂಡಿಸತೊಡಗಿದೆ. ಕೆಲವು ರಾಯಚೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕವು, ಕೆಲವು ಮಾನ್ವಿಯ ರದ್ದಿ ಅಂಗಡಿಯಲ್ಲಿ. ಏಳನೆಯದು ಸಿಗದೆ ಒಂದು ವರ್ಷ ಅಲೆದೆ. ಕಡೆಗೆ ಚೀಕಲಪರ್ವಿಯಲ್ಲಿ ನಮ್ಮ ಅಕ್ಕನ ಅಡುಗೆಮನೆಯ ಗೋಡೆಯ ಮಾಡದಲ್ಲಿ, ಉಪ್ಪಿನಕಾಯಿ ಭರಣಿಯ ಕೆಳಗೆ ಹಾಸಿಕೊಂಡು ಬಿದ್ದಿತ್ತು. ಎಣ್ಣೆ ಕಲೆ ಈಗಲೂ ಇದೆ. ಹನ್ನೊಂದೂ ಕೂಡಿದ ದಿನ ನನಗೆ ಆದ ಖುಷಿ ನೌಕರಿಯ ಆರ್ಡರು ಬಂದಾಗಲೂ ಆಗಿರಲಿಲ್ಲ. ಬಿಡಿಬಿಡಿಯಾಗಿ ಇಟ್ಟರೆ ಮಕ್ಕಳ ಕೈಯಲ್ಲಿ ವಾರದಲ್ಲಿ ಚಿಂದಿಯಾಗುತ್ತವೆ ಎಂದು ಒಂದೇ ಪುಸ್ತಕ ಮಾಡಿಸಲು ಖಾಲಾ ಹತ್ತಿರ ಒಯ್ದೆ.

ಖಾಲಾ ನನ್ನ ಪಕ್ಕದ ಮನೆಯವರು. ನಮ್ಮಿಬ್ಬರ ನಡುವೆ ಒಂದೇ ಗೋಡೆ. ಖಾಲಾ ಎಂದರೆ ಅವರ ಮನೆಮಾತಿನಲ್ಲಿ ಚಿಕ್ಕಮ್ಮ. ಓಣಿಯವರೆಲ್ಲ ಹಾಗೇ ಕರೆಯುತ್ತಿದ್ದರು, ನಾನೂ ಕರೆದೆ. ಕಚೇರಿಗಳಿಗೆ ರಿಜಿಸ್ಟರು ಕಟ್ಟಿಕೊಡುತ್ತಿದ್ದರು, ಮಸೀದಿಯವರ ಹಳೆಯ ಉರ್ದು ಪುಸ್ತಕಗಳನ್ನು ಮತ್ತೆ ಹೊಲಿಯುತ್ತಿದ್ದರು. ಉರ್ದು ಚೆನ್ನಾಗಿ ಓದುತ್ತಿದ್ದರು, ಕನ್ನಡ ಓದಲು ಬರುತ್ತಿರಲಿಲ್ಲ. ಕೆಲಸ ಮಾಡುವಾಗ ಮಾತಿಲ್ಲ. ಸೂಜಿ ಎಳೆದಾಗೊಮ್ಮೆ ಕೈಯಲ್ಲಿದ್ದ ಹಸಿರು ಗಾಜಿನ ಬಳೆ ಎರಡು ತಾಗಿ ಸದ್ದಾಗುತ್ತಿತ್ತು, ಅಷ್ಟೇ. ಒಬ್ಬರೇ ಇರುತ್ತಿದ್ದರು. ಗಂಡ ಎಲ್ಲೋ ದೂರ ದುಡಿಯಲು ಹೋಗಿರಬೇಕು ಎಂದುಕೊಂಡಿದ್ದೆ. ದೇವದುರ್ಗದಲ್ಲಿ ಅರ್ಧ ಮನೆಗಳ ಗಂಡಸರು ಹಾಗೇ ಹೋಗುತ್ತಿದ್ದರು, ಕೇಳುವಂಥದ್ದು ಏನೂ ಅನ್ನಿಸಿರಲಿಲ್ಲ.

ನಾಲ್ಕು ದಿನದ ಮೇಲೆ ಗೋಡೆಯಾಚೆಯಿಂದ ಕರೆದರು. ಪುಸ್ತಕ ಮಣೆಯ ಮೇಲಿತ್ತು. ಎಂದೂ ಹೆಚ್ಚು ಮಾತಾಡದವರು ಆ ದಿನ ತಾವೇ ಮಾತು ತೆಗೆದರು.

"ಆತ್ರೀ ಟೀಚರ್. ಓದಾಕ ಬರಂಗಿಲ್ಲ, ಖರೇ, ಚಿತ್ರ ಎಲ್ಲಾ ನೋಡೀನಿ. ನಿಮ್ಮ ಕನ್ನಡದವರಂಗ ಎಡಕಿನಿಂದ ತೆಗದೇ ನೋಡೀನಿ. ಭಾಳ ಛಲೋ ಮುಗದದ. ನೀರಾಗ ಹೋದಂವ ಕಡೀಗೆ ಮನಿಗಿ ಬಂದು ರೊಟ್ಟಿ ತಿನ್ನಾಕ ಕುಂತನಲ್ರೀ."

ನನಗೆ ಅರ್ಥವಾಗಲಿಲ್ಲ. ತೆರೆದು ನೋಡಿದರೆ ಮೊದಲ ಹಾಳೆಯಲ್ಲೇ ಹನ್ನೊಂದನೆಯ ಸಂಚಿಕೆ. ಅದರ ಹಿಂದೆ ಹತ್ತು, ಅದರ ಹಿಂದೆ ಒಂಬತ್ತು... ಒಂದನೆಯದು ಕಟ್ಟಕಡೆಗೆ. ಆದದ್ದು ಇಷ್ಟು. ಉರ್ದು ಪುಸ್ತಕದ ಬೆನ್ನು ಬಲಕ್ಕಿರುತ್ತದೆ. ಹಾಳೆಗಳ ಮಡಿಕೆಯನ್ನು ಬಲಗೈ ಕಡೆ ಇಟ್ಟು, ಮೊದಲ ಭಾಗವನ್ನು ಎಲ್ಲಕ್ಕೂ ಮೇಲಿಟ್ಟು ಹೊಲಿಯುವುದು ಖಾಲಾನ ಕೈಗೆ ಚಿಕ್ಕಂದಿನಿಂದ ಬಂದ ರೂಢಿ. ಹೊಳೆಮಲ್ಲನನ್ನೂ ಹಾಗೇ ಇಟ್ಟು ಹೊಲಿದಿದ್ದರು. ಅದನ್ನು ನಾವು ಎಡದಿಂದ ತೆರೆದರೆ ಕೆಳಗಿನದು ಮೊದಲಿಗೆ ಬರುತ್ತದೆ. ಒಂದೊಂದು ಸಂಚಿಕೆಯೂ ಒಳಗೆ ಸರಿಯಾಗಿದೆ, ಸಾಲು ಮಾತ್ರ ತಿರುವುಮುರುವು.

ಕನ್ನಡದಲ್ಲಿ ಖಾಲಾ ಕಟ್ಟಿದ್ದು ಅದುವರೆಗೆ ಬರೀ ರಿಜಿಸ್ಟರು. "ಖಾಲಿ ಹಾಳಿಗಿ ಮುಂದ ಯಾವುದು, ಹಿಂದ ಯಾವುದುರೀ," ಎಂದು ಆಮೇಲೆ ಅವರೇ ಅಂದರು.

ಒಂದನೆಯ ಸಂಚಿಕೆಯ ಕೊನೆಯ ಪುಟದ ಬಗ್ಗೆ ಇಲ್ಲಿ ಹೇಳಬೇಕು. ಹೊಳೆಮಲ್ಲ ದಿನದ ಕೆಲಸ ಮುಗಿಸಿ ಮನೆಗೆ ಬಂದಿದ್ದಾನೆ. ಅಪ್ಪ, ತಂಗಿ, ಅವನು ಊಟಕ್ಕೆ ಕುಳಿತಿದ್ದಾರೆ, ತಾಯಿ ರೊಟ್ಟಿ ಬಡಿಸುತ್ತಿದ್ದಾಳೆ. ಹರಿಗೋಲು ಹೊರಗೆ ಗೋಡೆಗೆ ಒರಗಿದೆ. ಮೂಲೆಯಲ್ಲಿ ಎಲ್ಲೋ ಒಂದು ಕರಿಮೋಡ, ಅಷ್ಟೇ. ಎರಡನೆಯ ಸಂಚಿಕೆಯಲ್ಲಿ ಅವನು ಸಂತೆಗೆ ಹೋದಾಗ ಪ್ರವಾಹ ಬಂದು ಆ ಮನೆಯನ್ನೂ ಮೂವರನ್ನೂ ಒಯ್ಯುತ್ತದೆ. ಹನ್ನೊಂದರಲ್ಲಿ ಒಡೆಯುವ ಒಡ್ಡಿಗೆ ಅಂಗೈ ಕೊಟ್ಟು ನಿಂತ ಹೊಳೆಮಲ್ಲ ತಾನೇ ಹೊಳೆಪಾಲಾಗುತ್ತಾನೆ. ಒಡ್ಡು ಉಳಿಯುತ್ತದೆ. ಹೊಳೆಯ ಮೇಲೆ ಖಾಲಿ ಹರಿಗೋಲು ಗರಗರ ತಿರುಗುತ್ತಿರುವುದು ಕೊನೆಯ ಚಿತ್ರ. ಖಾಲಾ ನೋಡಿದ ಕಥೆಯಲ್ಲಿ ಆ ಖಾಲಿ ಹರಿಗೋಲು ಶುರುವಿಗೇ ಬಂದಿತ್ತು, ರೊಟ್ಟಿಯ ಊಟ ಕೊನೆಗೆ.

ಇದನ್ನೆಲ್ಲ ಆಗ ನಾನು ಯೋಚಿಸಲಿಲ್ಲ. ತಪ್ಪು ಕಂಡರೆ ಸುಮ್ಮನಿರುವ ಜಾಯಮಾನ ನನ್ನದಲ್ಲ. "ಇಲ್ಲ ಖಾಲಾ, ಉಲ್ಟಾ ಕಟ್ಟೀರಿ," ಅಂದೆ. "ಅಂವ ಮೊದಲ ಮನ್ಯಾಗ ಇರ್ತಾನ. ಕಡೀಗೆ ನೀರಾಗ ಹೋಗ್ತಾನ. ತಿರುಗಿ ಬರಂಗಿಲ್ಲ."

"ಹಂಗೇನ್ರೀ," ಅಂದರು. ಪುಸ್ತಕದ ಮೇಲೆ ಕೈ ಇಟ್ಟರು. ಆಮೇಲೆ, "ಹಂಗ ಇರಲಿ ಬಿಡ್ರಿ ಟೀಚರ್. ಕಾಗದ ಹಳೇದದ. ಬಿಚ್ಚಿದ್ರ ತಡಿಯಂಗಿಲ್ಲ."

"ತಪ್ಪು ಪುಸ್ತಕ ಸಾಲ್ಯಾಗ ಹೆಂಗ ಇಡ್ಲಿ? ಬಿಚ್ಚಿ ಕಟ್ರಿ."

ಎರಡನೆಯ ಸಲವೂ ಬೇಡ ಎಂದರು. ನಾನು ಹಿಡಿದ ಪಟ್ಟು ಬಿಡಲಿಲ್ಲ. ಖಾಲಾ ಚಾಕು ತೆಗೆದುಕೊಂಡರು.

ಐದು ದಿನಕ್ಕೆ ಪುಸ್ತಕ ಮತ್ತೆ ಬಂತು. ಒಂದರಿಂದ ಹನ್ನೊಂದು, ಒಂದೂ ತಪ್ಪಿಲ್ಲ. ಹರಿದ ಕಡೆಯಲ್ಲೆಲ್ಲ ತೆಳುಕಾಗದ ಅಂಟಿಸಿದ್ದರು, ಈಗ ನೋಡಿದರೂ ಕಣ್ಣಿಗೆ ಒತ್ತಿಕೊಳ್ಳುವಂಥ ಕುಸುರಿ. ನಾನು ಪರೀಕ್ಷೆಯ ಪೇಪರು ತಿದ್ದುವವಳ ಹಾಗೆ ಪುಟ ಎಣಿಸಿದೆ. ಒಂದನೆಯ ಸಂಚಿಕೆಯ ಕೊನೆಯ ಹಾಳೆ ಇರಲಿಲ್ಲ. ಮೊದಲಿನ ಕಟ್ಟಿನಲ್ಲಿ ಅದು ರಟ್ಟಿಗೆ ಹತ್ತಿದ ಹಾಳೆ, ಅಂಟು ಜಾಸ್ತಿ ಬಿದ್ದಿತ್ತು. "ರಟ್ಟಿಗಿ ಹತ್ಗೊಂಡಿತ್ರೀ, ಬರಲಿಲ್ಲ," ಅಂದರು ಖಾಲಾ. ದನಿಯಲ್ಲಿ ಏನೂ ಇರಲಿಲ್ಲ. ಇರಲಿ, ಒಂದು ಹಾಳೆ ತಾನೇ ಎಂದು ದೊಡ್ಡ ಮನಸ್ಸು ಮಾಡಿದವಳ ಹಾಗೆ ಹೇಳಿ ಪುಸ್ತಕ ಎತ್ತಿಕೊಂಡು ಬಂದೆ. ಆ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಸಾಲೆಯಲ್ಲಿ ಕಪಾಟು ಒರೆಸುತ್ತಿದ್ದ ಆಯಾ, ವಯಸ್ಸಾದ ಹೆಂಗಸು, ಪುಸ್ತಕ ತೆರೆದಳು. ಓದು ಬಾರದವರು ಹಿಂದಿನಿಂದ ತೆರೆಯುತ್ತಾರೆ, ಅವಳಿಗೂ ಕೊನೆಯ ಚಿತ್ರವೇ ಸಿಕ್ಕಿತು. ಖಾಲಿ ಹರಿಗೋಲು ನೋಡಿ ಪಟ್ಟನೆ ಮುಚ್ಚಿಬಿಟ್ಟಳು.

"ಯವ್ವಾ, ಇದನ್ನ ನಿಮ್ಮ ಬಾಜೂಮನಿ ಖಾಲಾಗ ತೋರಿಸಬ್ಯಾಡ್ರಿ."

ಯಾಕೆ ಎಂದೆ.

"ನಿಮಗ ಗೊತ್ತಿಲ್ಲೇನ್ರೀ? ಆಕಿ ಗಂಡ ರಿಜಿಸ್ಟರ್ ಗಂಟು ತಗೊಂಡು ಹರಿಗೋಲಿನ್ಯಾಗ ಆಚಿ ದಂಡಿಗಿ ಹೋದಂವ. ಹೊಳಿ ಏರಿತ್ತು. ಹರಿಗೋಲು ಸಿಕ್ತು, ಆತ ಸಿಗಲಿಲ್ಲ. ಹೆಣಾ ಕಂಡಿಲ್ಲ, ಬಳಿ ಯಾಕ ತೆಗೀಲಿ ಅಂತಾಳ. ಎಷ್ಟ ವರ್ಷ ಆತೋ ಏನೋ."

ಆ ದಿನ ನಾನು ಏನು ಪಾಠ ಮಾಡಿದೆನೋ ನೆನಪಿಲ್ಲ. ಪುಸ್ತಕವನ್ನು ಸಾಲೆಯ ಕಪಾಟಿಗೆ ಇಡಲಿಲ್ಲ, ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದೆ. ಸಂಜೆ ಖಾಲಾನ ಮನೆಗೆ ಹೋಗಿ ಕುಳಿತೆ. ತಪ್ಪಾಯಿತು ಎಂಬ ಮಾತು ನನ್ನ ಬಾಯಿಂದ ಸುಲಭಕ್ಕೆ ಹೊರಡುವುದಲ್ಲ. ಆಡಬೇಕೆಂದೇ ಹೋಗಿದ್ದೆ, ಆಡಲಿಲ್ಲ. ಅದರ ಬದಲು, "ಖಾಲಾ, ಇದನ್ನ ಮೊದಲಿನಂಗ ಕಟ್ಟಾಕ ಬರ್ತದೇನ್ರೀ?" ಎಂದು ಕೇಳಿದೆ.

ಖಾಲಾ ನನ್ನ ಮುಖ ನೋಡಿದರು. ಯಾರೋ ಹೇಳಿದ್ದಾರೆ ಎಂದು ಅವರಿಗೆ ತಿಳಿದಿರಬೇಕು.

"ನಕ್ಕೋ ಟೀಚರ್, ಬ್ಯಾಡ," ಅಂದರು. "ಇನ್ನೊಂದು ಸಲ ಬಿಚ್ಚಿದ್ರ ಹಿಟ್ಟಾಗ್ತದ. ಈಗ ಸರಿ ಅದಲ್ಲ."

ಚಹಾ ಕೊಟ್ಟರು. ಕುಡಿದು ಬಂದೆ. ಆಮೇಲೆ ಎರಡು ವರ್ಷ ಅದೇ ಗೋಡೆಯ ಈಚೆ ಇದ್ದೆ, ಹಬ್ಬಕ್ಕೆ ಅವರು ಶಿರಕುರ್ಮಾ ಕಳಿಸಿದರು, ನಾನು ಹೋಳಿಗೆ ಕಳಿಸಿದೆ, ಆ ಪುಸ್ತಕದ ಮಾತು ಇಬ್ಬರೂ ಎತ್ತಲಿಲ್ಲ. ನನಗೆ ರಾಯಚೂರಿಗೆ ವರ್ಗವಾಯಿತು. ಕಣ್ಣು ಮಂದವಾದ ಮೇಲೆ ಖಾಲಾ ಮಾನ್ವಿಗೆ ತಮ್ಮನ ಮನೆಗೆ ಹೋದರು. ಹೋಗಿ ನೋಡಿಕೊಂಡು ಬರಬೇಕು ಎಂದು ಎಷ್ಟು ಸಲ ಅಂದುಕೊಂಡೆನೋ. ರಾಯಚೂರಿನಿಂದ ಮಾನ್ವಿ ಎಷ್ಟು ದೂರ, ಬಸ್ಸು ಹತ್ತಿದರೆ ಒಂದು ತಾಸು ಚಿಲ್ಲರೆ...

ಹೋದದ್ದು ಅವರು ತೀರಿಕೊಂಡು ಆರು ತಿಂಗಳಾದ ಮೇಲೆ. ತಮ್ಮನಿಗೆ ಬಟ್ಟೆ ಅಂಗಡಿ, ಒಳ್ಳೆಯ ಮನುಷ್ಯ. ಅಕ್ಕನ ತಗಡಿನ ಪೆಟ್ಟಿಗೆ ತಂದು ಮುಂದಿಟ್ಟ. ಸೂಜಿ, ನೂಲಿನ ಉಂಡೆ, ಮಡಿಕೆ ತೀಡುವ ಎಲುಬಿನ ಪಟ್ಟಿ. ಅಂಟು ತಿಂದು ಗಟ್ಟಿಯಾದ ಕುಂಚ. "ಕಡೀತನಕ ಬಳಿ ತೆಗೀಲಿಲ್ರೀ," ಅಂದ. ನಾನು ತಲೆಯಾಡಿಸುತ್ತ ಪೆಟ್ಟಿಗೆಯ ತಳ ನೋಡಿದೆ. ತಳಕ್ಕೆ ಹಾಸಿದ ಕಾಗದವನ್ನೂ ಎತ್ತಿ ನೋಡಿದೆ. ಅಷ್ಟು ಹುಷಾರಿನ ಕೈ ಒಂದು ಹಾಳೆ ಬಿಡಿಸಲಾಗದೆ ಹೋಯಿತೇ ಎಂಬ ಅನುಮಾನ ನನಗೆ ಇತ್ತು. ಎತ್ತಿಟ್ಟುಕೊಂಡಿದ್ದರೆ ಎಷ್ಟು ಸಮಾಧಾನವಾಗುತ್ತಿತ್ತು. ಆದರೆ ಹಾಳೆ ಅಲ್ಲಿರಲಿಲ್ಲ. ರಟ್ಟಿಗೇ ಹೋಗಿದ್ದಿರಬೇಕು.

ಯಾಪಲದಿನ್ನಿಯ ತರುಣನಿಗೆ ಹೋದ ವಾರ ಬರೆದು ಕಳಿಸಿದೆ. ನಾಲ್ಕನೆಯದರ ಮೀಸೆಗೆ ತಲೆಕೆಡಿಸಿಕೊಳ್ಳಬೇಡಿ ಎಂದು ಬರೆದೆ. ಒಂಬತ್ತನೆಯದರಲ್ಲಿ ಮೊಸಳೆ ಮಾತಾಡುತ್ತದೆ, ಬಿಟ್ಟರೂ ನಡೆಯುತ್ತದೆ. ಎಂಟನೆಯದನ್ನು ಬಿಡಬಾರದು, ಎಲ್ಲಕ್ಕಿಂತ ಚೆನ್ನಾಗಿ ಬರೆದ ಚಿತ್ರಗಳು ಅದರಲ್ಲೇ ಇವೆ. ಒಂದನೆಯ ಸಂಚಿಕೆಯ ಕೊನೆಯ ಹಾಳೆ ನನ್ನ ಪ್ರತಿಯಲ್ಲಿಲ್ಲ, ಕಳೆದುಹೋಗಲು ಕಾರಣ ನಾನು ಎಂದೂ ಬರೆದು, ಆ ಪುಟದಲ್ಲಿ ಏನಿತ್ತೆಂದು ನೆನಪಿದ್ದಷ್ಟು ವಿವರಿಸಿದೆ. ಊಟಕ್ಕೆ ಕುಳಿತ ಮೂವರು, ಬಡಿಸುವ ತಾಯಿ, ಗೋಡೆಗೆ ಒರಗಿದ ಹರಿಗೋಲು. ಮೋಡವನ್ನು ಬರೆಯಲಿಲ್ಲ.

ನಿನ್ನೆ ಫೋನು ಮಾಡಿದ. ಆ ಪುಟ ತಮ್ಮ ಗುಂಪಿನ ಯಾರ ಹತ್ತಿರವೂ ಇಲ್ಲವಂತೆ. ಆಮೇಲೆ ಸಂಕೋಚದಿಂದ, "ಮೇಡಂ, ಒಂದು ಸಣ್ಣ ಮಿಸ್ಟೇಕ್ ಆಗ್ಯದ್ರೀ," ಅಂದ. "ಓದೋ ಸಾಲು ಹನ್ನೊಂದರಿಂದ ಒಂದಕ್ಕ ಬರ್ದೀರಿ. ಉಲ್ಟಾ ಆಗ್ಯದ. ನಾನ ಸರಿ ಮಾಡಿ ಹಾಕ್ಲೇನ್ರೀ?"

ಪುಸ್ತಕ ಮಡಿಲಲ್ಲೇ ಇತ್ತು.

"ಬ್ಯಾಡ," ಅಂದೆ. "ಹಂಗ ಇರಲಿ ಬಿಡು."