ಖಾಜಾ ಮೇಸ್ತ್ರಿಯ ದನಿ

ತಪ್ಪು ನನ್ನದೇ ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹುಡುಕಿಕೊಂಡು ನೀವು ಸುಸ್ತಾಗುವುದು ಬೇಡ. ನನಗೆ ಕಂಡವರ ದನಿಯನ್ನೆಲ್ಲ ಅಣಕಿಸುವ ಚಟ. ನಮ್ಮಪ್ಪನ ಗೊರಕೆಯನ್ನು ಅಪ್ಪನೆದುರೇ ಮಾಡಿ ಏಟು ತಿಂದವನು ನಾನು, ಏಟು ತಿಂದು ಅತ್ತದ್ದನ್ನೂ ಆಮೇಲೆ ಮಾಡಿ ತೋರಿಸಿದವನು.

ನಿನ್ನೆ ಸಿರುಗುಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಾತ ನನ್ನ ಮುಂದೆ ನಿಂತಿದ್ದ. ಅವನ ಜೀನ್ಸಿನ ಎಡಗಾಲು ಒಂದು ನೀಲಿ, ಬಲಗಾಲು ಇನ್ನೊಂದು ನೀಲಿ. ಅದು ಅವನಿಗೂ ಗೊತ್ತಿರಲಿಲ್ಲ. ನನಗೆ ಕಂಡಿತು, ಯಾಕೆಂದರೆ ನೋಡಲು ಕಲಿಸಿದವನು ಬಸು.

ಬಳ್ಳಾರಿಯಲ್ಲಿ ನಾನು ಹೊಲಿಯುವ ಜೀನ್ಸ್ ಶೆಡ್ಡಿಗೆ ಬಸು ದಿನಾ ಕುರುಗೋಡಿನಿಂದ ಬರುತ್ತಿದ್ದ. ಕತ್ತರಿಸಿದ ಬಟ್ಟೆಯನ್ನು ಬಣ್ಣ ನೋಡಿ ಬಂಡಲ್ ಕಟ್ಟುವುದು ಅವನ ಕೆಲಸ. ನಮಗೆ ಒಂದೇ ನೀಲಿಯಾಗಿ ಕಾಣುವ ರಾಶಿಯಲ್ಲಿ ಅವನಿಗೆ ಆರು ನೀಲಿ ಕಾಣುತ್ತಿದ್ದವು. ಹೊಲಿದು ಒಗೆದ ಮೇಲೆ ನಮಗೂ ಕಾಣುತ್ತಿದ್ದವು ಅನ್ನಿ, ಅಷ್ಟರಲ್ಲಿ ಪ್ಯಾಂಟು ಕೆಟ್ಟಿರುತ್ತಿತ್ತು. ಆದರೆ ಟ್ಯೂಬ್‌ಲೈಟಿನ ಮಿಣುಕು, ನಾಲ್ಕು ಜನ ಒಟ್ಟಿಗೆ ಮಾತಾಡುವುದು, ಇವೆಲ್ಲ ಅವನಿಗೆ ಮೈಮೇಲೆ ಚೇಳು ಬಿಟ್ಟಂತೆ. ಹಿಂದಿನ ಎರಡು ಶೆಡ್ಡಿನವರು ಅವನನ್ನು ವಾರದೊಳಗೇ ಮನೆಗೆ ಕಳಿಸಿದ್ದರು.

ಮೊದಲ ದಿನ ಅವನ ಅಕ್ಕ ಜೊತೆಗೆ ಬಂದು, "ಆಟಿಸಂ ಅಂತ ಡಾಕ್ಟರು ಬರದುಕೊಟ್ಟಾರ್ರಿ" ಎಂದು ಚೀಟಿ ಚಾಚಿದಳು. ನಮ್ಮ ಖಾಜಾ ಮೇಸ್ತ್ರಿ ಅದನ್ನು ಮುಟ್ಟಲಿಲ್ಲ. "ಚೀಟಿ ಇರ್ಲಿ ಬೇಟಿ. ಇವ್ನಿಗೆ ಏನ್ ಬೇಕು, ಅದು ಹೇಳು."

"ಗ್ವಾಡಿ ಕಡಿ ಮುಖ ಮಾಡಿ ಕೂಡಸ್ರಿ. ಒಂದ್ ಸಲಕ್ಕ ಒಂದ ಕೆಲಸ ಹೇಳ್ರಿ. ಹೇಳಾರು ಒಬ್ರ ಇರ್ಲಿ."

ಅಷ್ಟೇ. ಮೇಸ್ತ್ರಿ ಟೇಬಲನ್ನು ಗೋಡೆಗೆ ಸರಿಸಿದರು, ಮಿಣುಕುವ ಟ್ಯೂಬ್ ಕಿತ್ತರು, ಬಸುಗೆ ಕೆಲಸ ಹೇಳುವ ಹಕ್ಕು ತಮ್ಮೊಬ್ಬರದೇ ಎಂದರು. ಹಿಂದಿನಿಂದ ಅವರ ದನಿ ಬಂದರೆ ಸಾಕು, ಬಸು ತಿರುಗದೆ ಕೈ ಹಾಕುತ್ತಿದ್ದ. ಹೀಗೆ ಎರಡು ವರ್ಷ. ಕೆಲಸ ಮಾಡುತ್ತ ಮಾಡುತ್ತ ಸಣ್ಣಗೆ ಗುನುಗುತ್ತಿದ್ದ. ಆ ಗುನುಗನ್ನೂ ನಾನು ಅಣಕಿಸಿದ್ದೆ, ಬಿಡಿ.

ಒಂದು ದಿನ ಮೇಸ್ತ್ರಿ ದಾರ ತರಲು ಹೋಗಿದ್ದರು. ನಾನು ಬಸುವಿನ ಬೆನ್ನ ಹಿಂದೆ ನಿಂತು, ಮೇಸ್ತ್ರಿಯಂತೆ ಒಮ್ಮೆ ಕೆಮ್ಮಿ, ಅವರದೇ ದನಿಯಲ್ಲಿ, "ಬಸು ಬೇಟಾ, ಎಲ್ಲಾ ಬಂಡಲ್ ಬಿಚ್ಚಿ ಒಂದ ಗುಂಪು ಹಾಕು" ಎಂದೆ. ಶೆಡ್ಡೆಲ್ಲ ನಕ್ಕಿತು. ಅವನೂ ನಗುತ್ತಾನೆಂದುಕೊಂಡು ಚಹಾಕ್ಕೆ ಹೋದೆ. ಬಂದು ನೋಡಿದರೆ ವಾರದ ಬಂಡಲುಗಳೆಲ್ಲ ಒಂದೇ ನೀಲಿ ಗುಡ್ಡ. ಬಸು ಮುಂದಿನ ಮಾತಿಗೆ ಕಾಯುತ್ತ ನಿಂತಿದ್ದ.

ಮಾಲೀಕರು ಬಂದರು. "ಏಮಯ್ಯಾ ಇದು, ಯಾರು ಬಿಚ್ಚು ಅಂದಿದ್ದು?"

"ಖಾಜಾ ಮೇಸ್ತ್ರಿ."

ಆಗ ತಾನೇ ಒಳಬಂದ ಮೇಸ್ತ್ರಿ ಕೈಯಲ್ಲಿ ದಾರ ಹಿಡಿದೇ ನಿಂತುಬಿಟ್ಟರು. "ನಾ ಯಾವಾಗ ಅಂದೆ ಬೇಟಾ?"

ಬಸು ಅವರ ಮುಖವನ್ನೇ ನೋಡಿದ. ಆಮೇಲೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಊರಿನವರ ದನಿಯೆಲ್ಲ ಬರುವ ನನಗೆ ಆ ಹೊತ್ತಿಗೆ ನನ್ನ ದನಿಯೊಂದು ಬರಲಿಲ್ಲ. ಅವನು ಊಟದ ಡಬ್ಬಿ ಎತ್ತಿಕೊಂಡು ಬಸ್ಸಿಗೆ ನಡೆದ.

ಮಾರನೆಯ ದಿನ ಅವನು ಬಾರದಿದ್ದಾಗ ಒಪ್ಪಿಕೊಂಡೆ. ಮೇಸ್ತ್ರಿ ಬೈಯಲಿಲ್ಲ. ಬೈದಿದ್ದರೆ ಅದನ್ನೂ ಮಾಡಿ ತೋರಿಸಿ ಹಗುರಾಗುತ್ತಿದ್ದೆನೇನೋ. ನನ್ನನ್ನು ಕರೆದುಕೊಂಡು ಕುರುಗೋಡಿಗೆ ಹೊರಟರು. ಬಸು ಮನೆಯ ಕಟ್ಟೆಯ ಮೇಲೆ ಗೋಡೆಗೆ ಮುಖ ಮಾಡಿ ಅಂಜೂರ ಆರಿಸುತ್ತಿದ್ದ.

"ಬಸು ಬೇಟಾ" ಎಂದರು ಮೇಸ್ತ್ರಿ.

ಅವನು ತಟ್ಟನೆ ತಿರುಗಿದ. ಮೊದಲು ಅವರ ತುಟಿ ನೋಡಿದ, ಆಮೇಲೆ ನನ್ನ ತುಟಿ. ಎರಡು ವರ್ಷದಲ್ಲಿ ಅವನು ಹಾಗೆ ತಿರುಗಿದ್ದನ್ನು ನಾನು ಕಂಡಿರಲಿಲ್ಲ. ಮೇಸ್ತ್ರಿ ಕಣ್ಣು ಒರೆಸಿಕೊಂಡರು.

"ತಪ್ಪಾತಲೇ. ಇನ್ಮ್ಯಾಲೆ ಯಾರ ದನೀನೂ ಮಾಡಂಗಿಲ್ಲ, ಬಾ" ಎಂದೆ. ಅವನಿಗೆ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು, ಇಳಿಯುವತನಕ ಕಾಯಬಹುದಿತ್ತು.

ಬಸ್‌ಸ್ಟ್ಯಾಂಡಿನ ಆ ಎರಡು ನೀಲಿಯ ಮನುಷ್ಯ ಬಳ್ಳಾರಿ ಬಸ್ಸು ಹತ್ತಿ ಹೋದ. ಪಕ್ಕದಲ್ಲಿದ್ದ ಗೆಳೆಯ, "ಮೇಸ್ತ್ರಿದೊಂದ್ ದನಿ ಮಾಡೋ, ಟೈಮ್ ಹೋಗ್ಲಿ" ಎಂದ. ಬರಂಗಿಲ್ಲ ಎಂದೆ. ಯಾಕೆ ಎಂದು ಕೇಳಿದ. ಅವತ್ತು ಕುರುಗೋಡಿನ ಕಟ್ಟೆಯ ಮೇಲೆ ಬಸು ಅಂದದ್ದನ್ನೇ ಹೇಳಿದೆ, ಅವನ ದನಿ ಮಾಡದೆ, ನನ್ನ ದನಿಯಲ್ಲೇ:

"ಇನ್ನ ಮೇಸ್ತ್ರಿ ಕರದಾಗೆಲ್ಲ, ಅವ್ರೋ ನೀನೋ ಅಂತ ನಾ ತಿರುಗಿ ನೋಡಬೇಕು. ತಿರುಗಿ ನೋಡಕೋಂತ ಕುಂತ್ರ, ಬಣ್ಣ ಯಾವಾಗ ನೋಡ್ಲಿ?"