ಅತ್ತೆ ಅರೆದ ಆಲೂಬುಖಾರ ಬೀಜ

ತೊಂಬತ್ತರ ದಶಕದ ಮೊದಲಲ್ಲಿ ನಾವು ನಾಸಿಕದಲ್ಲಿದ್ದೆವು. ಗಂಡನಿಗೆ ಬ್ಯಾಂಕಿನ ಕೆಲಸ. ಬೀದರಿನಿಂದ ನಮ್ಮ ಜೊತೆ ಬಂದಿದ್ದ ಅತ್ತೆಗೆ ಚಳಿಗಾಲ ಬಂತೆಂದರೆ ಕಾಲಿನ ಚರ್ಮ ಒಡೆದು ರಕ್ತ ಜಿನುಗುತ್ತಿತ್ತು. ಪಕ್ಕದ ಮನೆಯ ಹಿಮಾಚಲದ ಹೆಂಗಸು ತನ್ನ ಊರಿನಿಂದ ತಂದ ಆಲೂಬುಖಾರ, ಅಂದರೆ ಪ್ಲಮ್ ಹಣ್ಣಿನ ಬೀಜದ ಎಣ್ಣೆ ಕೊಟ್ಟಳು. ಹಚ್ಚಿದರೆ ಮನೆಯೆಲ್ಲ ಬಾದಾಮಿಯ ವಾಸನೆ. ಸಂಕ್ರಾಂತಿಯ ಹೊತ್ತಿಗೆ ಬಿರುಕು ಕೂಡಿಕೊಂಡು ಕಾಲು ನುಣ್ಣಗಾಯಿತು. ಆ ಎಣ್ಣೆಯೆಂದರೆ ಅತ್ತೆಗೆ ಔಷಧಕ್ಕಿಂತ ಹೆಚ್ಚು.

ಮರುವರ್ಷ ಔರಂಗಾಬಾದಿಗೆ ವರ್ಗವಾಯಿತು. ಆಗ ನಾನು ಬಸುರಿ. ಎಣ್ಣೆ ತೀರಿತ್ತು. ಬೇಸಿಗೆಯಲ್ಲಿ ಮಾರುಕಟ್ಟೆಗೆ ಆಲೂಬುಖಾರ ಬಂದಾಗ ಅತ್ತೆ ತಾವೇ ಎಣ್ಣೆ ತೆಗೆಯಲು ಹೊರಟರು. ಹಣ್ಣಿನ ರಸದ ಅಂಗಡಿಯವನಿಂದ ಓಟೆಗಳನ್ನು ಕೇಳಿ ತಂದು, ಮನೆ ಮೇಲಿನ ಗಚ್ಚಿಯಲ್ಲಿ ಒಣಗಿಸಿ, ಒಡೆದು, ಒಳಗಿನ ಬೀಜ ಬಿಡಿಸಿದರು. ಅರೆದು ಹಿಂಡಿದರೂ ಎಣ್ಣೆ ಬರಲಿಲ್ಲ. ಹಾಳು ಮಾಡಲು ಅವರಿಗೆ ಮನಸ್ಸು ಬರಲಿಲ್ಲ. ಗಂಡ ಕಚೇರಿಗೆ ಹೋದ ಮೇಲೆ ಅದನ್ನು ಹಾಲಿಗೆ ಕಲಸಿ ಎರಡು ಲೋಟ ತಂದರು.

"ಕುಡಿ ವಾ. ಬದಾಮ ಇದ್ದಂಗೇ ಅದ. ಕೂಸು ಕೆಂಪಗ ಹುಟ್ತದ."

ಬಸುರಿನ ವಾಕರಿಕೆ. ಮೂಗಿನ ಹತ್ತಿರ ತಂದದ್ದೇ ಲೋಟ ಕೆಳಗಿಟ್ಟೆ. "ಒಲ್ಲೆ ಅತ್ತಿ, ನನ್ನ ಕೈಲಿ ಆಗಾಂಗಿಲ್ಲರಿ" ಎಂದೆ. "ಕಹಿ ಅದ, ಖರೆ. ಚೆಲ್ಲೋದ್ಯಾಕ?" ಎನ್ನುತ್ತ ಅವರು ತಮ್ಮದನ್ನೂ ನನ್ನದನ್ನೂ ಕುಡಿದರು.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು. ಅತ್ತೆ ಗೋಡೆ ಹಿಡಿದು ಕೂತಿದ್ದರು. "ತಲಿ ಗರಗರ ತಿರಗಲತದ" ಎಂದವರೇ ವಾಂತಿ ಮಾಡಿಕೊಂಡರು. ಉಸಿರು ನಾಯಿಯ ಹಾಗೆ ಏರಿಳಿಯುತ್ತಿತ್ತು. ಕೆಳಗಿನ ಮನೆಯವರು ರಿಕ್ಷಾ ಕರೆದು, ಬ್ಯಾಂಕಿಗೆ ಫೋನು ಮಾಡಿದರು. ದಾರಿಯುದ್ದಕ್ಕೂ ಅವರ ತಲೆ ನನ್ನ ಭುಜದ ಮೇಲೆ ಭಾರವಾಗುತ್ತ ಹೋಯಿತು. ಕರೆದರೆ ಓಗೊಡುವುದೂ ನಿಂತಿತು.

"ಕಾಯ್ ಖಾಲ್ಲಂ?" ಏನು ತಿಂದರೆಂದು ಡಾಕ್ಟರು ಕೇಳಿದರು. ನನ್ನ ಹರಕು ಮರಾಠಿಯಲ್ಲಿ ಎಣ್ಣೆಯಿಂದಲೇ ಶುರುಮಾಡಿದೆ. "ಎಣ್ಣೆ ಬಿಡಿ, ಹೊಟ್ಟೆಗೆ ಹೋದದ್ದು ಹೇಳಿ" ಎಂದು ಗದರಿದರು. ಬೀಜವೆಂದು ತಿಳಿದದ್ದೇ ಅವರ ಮುಖ ಬದಲಾಯಿತು. ಆ ಬೀಜ ಅರೆದರೆ ಸಯನೈಡ್ ವಿಷ ಹುಟ್ಟುತ್ತದೆ ಎಂದರು. ನಂತರ ನನ್ನ ಹೊಟ್ಟೆ ನೋಡಿ, "ನೀವು?"

"ಇಲ್ಲ" ಎಂದೆ. ತುಟಿಗಾದರೂ ತಾಗಿತ್ತೇ? ನನಗೇ ಖಾತ್ರಿಯಿರಲಿಲ್ಲ. ಅವರು ಒಳಗೆ ಅತ್ತೆಯ ಹೊಟ್ಟೆ ತೊಳೆಯುತ್ತಿದ್ದಾಗ ನಾನು ಹೊರಗಿನ ಬೆಂಚಿನಲ್ಲಿ ಕೂಸಿನ ಮಿಸುಕಾಟಕ್ಕೆ ಕಾದು ಕೂತೆ. ಅದು ಮಿಸುಕಲಿಲ್ಲ. ನಲ್ಲಿಯ ತಣ್ಣೀರು ಕುಡಿದೆ. ಎದ್ದು ಓಡಾಡಿದೆ. ಗಂಡ ಬೆವರುತ್ತ ಓಡಿಬಂದು "ಏನಾಯ್ತು?" ಎಂದು ಕೂಗಿದಾಗ, ಆ ಕೂಗಿಗೋ ಏನೋ, ಒಳಗೆ ಜೋರಾಗಿ ಒಂದು ಒದೆತ ಬಿತ್ತು. ಅಳುತ್ತ ಗೋಡೆಗೊರಗಿದೆ.

ಸಂಜೆ ಅತ್ತೆಗೆ ಎಚ್ಚರವಾಯಿತು. ಆಕ್ಸಿಜನ್ ಮಾಸ್ಕ್ ಸರಿಸಿ, ಮಗನನ್ನೂ ನೋಡದೆ ನನ್ನ ಕೈ ಹಿಡಿದರು.

"ನೀ ಕುಡ್ದಿಲ್ಲ ಹೌದಲ್ಲ?"

"ಇಲ್ಲರಿ."

ಮತ್ತೆ ಅದನ್ನೇ ಕೇಳಿದರು. ಮತ್ತೆ ಮತ್ತೆ.

ಅವರು ಉಳಿದರು. ಮಳೆಗಾಲ ಮುಗಿಯುವಾಗ ಮಗಳು ಹುಟ್ಟಿದಳು. ಕೂಸಿನ ಮೈಗೆ ಹಚ್ಚಲು ತಂದ ಕೊಬ್ಬರಿ ಎಣ್ಣೆಯನ್ನು ಅತ್ತೆ ಮೊದಲು ತಮ್ಮ ಮುಂಗೈಗೆ ಹಚ್ಚಿಕೊಂಡು, ಏನಾದರೂ ಆಗುತ್ತದೇನೋ ಎಂದು ನೋಡುತ್ತ ಕೂರುತ್ತಿದ್ದರು. ಸ್ನಾನದ ನೀರು ಆರುತ್ತದೆ ಎಂದು ನಾನೆಷ್ಟು ಅವಸರ ಮಾಡಿದರೂ ಏಳುತ್ತಿರಲಿಲ್ಲ.