ಕೆರೆ ಪಕ್ಕದ ಗಿಡ್ಡ ಕಿಲೋಮೀಟರು

ಅತ್ತಿಗೆ, ನೀವು ಬೆಳಗ್ಗೆ ಓಡುತ್ತಿದ್ದ ಆ ಹತ್ತು ಕಿಲೋಮೀಟರು ಹತ್ತು ಇರಲಿಲ್ಲ. ಅರ್ಧ ಕಿಲೋಮೀಟರು ಕಮ್ಮಿಯಿತ್ತು. ನೀವು ಮೈಸೂರಿನಲ್ಲಿ ಮ್ಯಾರಥಾನ್ ಓಡುವ ಮುಂಚೆಯೇ ಅದು ನನಗೆ ಗೊತ್ತಿತ್ತು. ಹೇಳಲಿಲ್ಲ.

‘ಮುಂಚೆಯೇ’ ಎಂಬ ಒಂದು ಪದಕ್ಕಾಗಿ ನನ್ನೊಡನೆ ನಾನೇ ಹನ್ನೆರಡು ವರ್ಷ ಜಗಳವಾಡಿದ್ದೇನೆ. ಗೊತ್ತಾದದ್ದು ಆಮೇಲೆ ಎಂದೇ ನೆನಪು ಹೇಳುತ್ತಿತ್ತು. ಆ ನೆನಪು ಎಷ್ಟು ಹಿತವಾಗಿತ್ತೆಂದರೆ — ಅದಕ್ಕೇ ಅದರ ಮೇಲೆ ನನಗೆ ಅನುಮಾನ ಬಂದದ್ದು.

ತಾಲ್ಲೂಕಿನ ಮಹಿಳಾ ಸಂಘಗಳ ಆಟೋಟದಲ್ಲಿ ನೀವು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಓಡಿ ಗೆದ್ದಿರಿ. ಮಾರನೆಯ ದಿನವೇ ನಿಮ್ಮ ಹೊಲಿಗೆ ಅಂಗಡಿಯಲ್ಲಿ, ಬೇರೆಯವರ ರವಿಕೆಗಳನ್ನೆಲ್ಲ ಬದಿಗಿಟ್ಟು, ನಿಮಗೆಂದು ಒಂದು ಪ್ಯಾಂಟು ಹೊಲಿದುಕೊಂಡಿರಿ. ಆಮೇಲೆ ದಿನಾ ಬೆಳಗ್ಗೆ ನಮ್ಮೂರು ಕೋಟೆಯಿಂದ ಸರಗೂರಿನ ರಸ್ತೆಯಲ್ಲಿ ಓಟ. ಕಿಲೋಮೀಟರು ಕಲ್ಲು ಎಣಿಸಿ ಐದು ಹೋಗುವುದು, ಐದು ವಾಪಸು. ಡೈರಿ ಮುಂದೆ ಕ್ಯಾನು ಹಿಡಿದು ನಿಂತವರು ರೇಗಿಸುತ್ತಿದ್ದರು: “ಏನಕ್ಕ, ಸರಗೂರ್ ಬಸ್ಸು ತಪ್ಪೋಯ್ತಾ?” ನೀವು ನಿಲ್ಲದೆಯೇ, “ಮುಂದ್ಲು ಸ್ಟಾಪಲ್ಲಿ ಇಡಿತೀನಿ ಬುಡಣ್ಣ!” ಎನ್ನುತ್ತಿದ್ದಿರಿ.

ಮದುವೆಯಾಗಿ ನಮ್ಮ ಮನೆಗೆ ಬಂದಾಗಿನಿಂದ ನೀವು ನಿಮಗಾಗಿ ಏನನ್ನಾದರೂ ಕೇಳಿದ್ದು ನನಗೆ ನೆನಪಿಲ್ಲ. ಈ ಒಂದು ಬೆಳಗಿನ ಹೊತ್ತನ್ನು ಬಿಟ್ಟು.

ನಾನಾಗ ಮಾನಸಗಂಗೋತ್ರಿಯಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದಿದ್ದ ಹೊಸತು. ಅವ್ವ ಜಾತಕ ತೋರಿಸಲು ಹೋದರೆ ಮನೆಯ ಜಗುಲಿಯಲ್ಲೇ ನಿಂತು ನಗುತ್ತಿದ್ದೆ. ಅಂಥವನ ಹತ್ತಿರ ಬಂದು ನೀವು ಕೇಳಿದಿರಿ: “ಸತೀಸ, ನಾನು ಈ ಮ್ಯಾರಥಾನ್ ಓಡುದ್ರೆ ಎಷ್ಟೊತ್ತು ಇಡೀಬೋದು? ನಿನ್ ಓದ್ನಲ್ಲಿ ಅದ್ಕೇನಾದ್ರೂ ಐತಾ?”

ಇತ್ತು. ಚಿಕ್ಕ ಓಟದ ಸಮಯ ಗೊತ್ತಿದ್ದರೆ ದೊಡ್ಡ ಓಟದ ಸಮಯ ಅಂದಾಜು ಮಾಡುವ ಒಂದು ಸೂತ್ರ. ದೂರ ನಾಲ್ಕು ಪಟ್ಟಾದರೆ ಸಮಯ ನಾಲ್ಕು ಪಟ್ಟಿನ ಮೇಲೆ ಇನ್ನೊಂದಿಷ್ಟು — ದಣಿವಿನ ಪಾಲು. ನಿಮ್ಮ ಹತ್ತು ಕಿಲೋಮೀಟರಿಗೆ ಐವತ್ತು ನಿಮಿಷ. ಹಾಗಾದರೆ ಮ್ಯಾರಥಾನಿನ ನಲವತ್ತೆರಡು ಚಿಲ್ಲರೆ ಕಿಲೋಮೀಟರಿಗೆ ಮೂರು ಗಂಟೆ ಐವತ್ತು ನಿಮಿಷ. ಸೂತ್ರಕ್ಕೊಂದು ಷರತ್ತಿದೆ: ಓಡುವವರು ದೊಡ್ಡ ದೂರಕ್ಕೆ ತಕ್ಕ ತಯಾರಿ ಮಾಡಿರಬೇಕು. ನೀವು ಇಪ್ಪತ್ತು ಕಿಲೋಮೀಟರನ್ನೂ ದಾಟಿರಲಿಲ್ಲ. ಆ ಷರತ್ತನ್ನು ನಾನು ನುಂಗಿಕೊಂಡೆ. ಉತ್ತರ ಅಷ್ಟು ಚೆನ್ನಾಗಿ ಬಂದಿರುವಾಗ —

ರಾತ್ರಿ ಊಟಕ್ಕೆ ಕೂತಾಗ ಎಲ್ಲರ ಮುಂದೆ ಹೇಳಿದೆ. ಅಣ್ಣ ಮುದ್ದೆ ಮುರಿಯುತ್ತಾ ಕೇಳಿಸಿಕೊಂಡ. “ಅತ್ ನಿಮ್ಸ ನಾನೇ ಜಾಸ್ತಿ ಕೊಡ್ತೀನಿ ಕಣ್ಲಾ. ನಾಲ್ಕು ಗಂಟೆ. ಅದ್ರೊಳ್ಗೆ ಬಂದ್ರೆ ದಿನಾ ಓಡ್ಲಿ, ನಾನೇ ಎದ್ದು ಒಲೆ ಅಚ್ಚಿ ಕಾಫಿ ಕಾಯಿಸ್ತೀನಿ. ಬರ್ನಿಲ್ವಾ, ಓಟ ಅಲ್ಲಿಗೇ ಮುಗೀತು.”

“ನೀವು ಕಾಯ್ಸಿದ್ ಕಾಫಿ ಕುಡಿಯೋಕಾದ್ರೂ ಬತ್ತೀನಿ ಬುಡಿ,” ಎಂದಿರಿ ನೀವು. ಎಲ್ಲರೂ ನಕ್ಕೆವು. ಆ ನಾಲ್ಕು ಗಂಟೆ ಹುಟ್ಟಿದ್ದು ನನ್ನ ಬಾಯಿಂದ ಎಂದು ಆಗ ಹೊಳೆಯಲಿಲ್ಲ.

ಆಮೇಲೊಂದು ದಿನ ನಿಮ್ಮ ಅಂಗಡಿಗೇ ಲೈನಿಂಗ್ ಬಟ್ಟೆ ತರಲು ಬೈಕಿನಲ್ಲಿ ಸರಗೂರಿಗೆ ಹೊರಟಿದ್ದೆ. ಕೆರೆ ಏರಿಯನ್ನು ಬಳಸಿಕೊಂಡು ಹೋಗುತ್ತಿದ್ದ ಹಳೇ ತಿರುವನ್ನು ನೀವು ಓಡಲು ಶುರುಮಾಡುವ ಮುಂಚೆಯೇ ನೇರ ಮಾಡಿದ್ದರು. ರಸ್ತೆ ನೇರವಾಯಿತೆಂದು ಊರಿಗೆಲ್ಲ ಖುಷಿ. ಕಲ್ಲುಗಳು ಮಾತ್ರ ಹಳೇ ರಸ್ತೆಯ ಲೆಕ್ಕದಲ್ಲೇ ನಿಂತಿದ್ದವು. ಅದನ್ನು ಯಾರೂ ಯೋಚಿಸಿರಲಿಲ್ಲ. ಬೈಕಿನ ಮೀಟರಿನ ಗಾಜು ಬಿರುಕು ಬಿಟ್ಟಿತ್ತು. ಬೆರಳಿನಿಂದ ಧೂಳು ಒರೆಸಿ ನೋಡಿದೆ — ಕೆರೆಯ ಈಚೆ ಕಲ್ಲಿನಿಂದ ಆಚೆ ಕಲ್ಲಿಗೆ ಒಂದು ಕಿಲೋಮೀಟರು ತುಂಬಲೇ ಇಲ್ಲ. ಕಾಲು ಭಾಗ ಕಮ್ಮಿ. ಹೋಗುವಾಗ ಕಾಲು, ಬರುವಾಗ ಕಾಲು.

ಇದನ್ನು ನೋಡಿದ್ದು ಮ್ಯಾರಥಾನ್ ಮುಗಿದ ಮೇಲೆ ಎಂದು ನಾನು ನಂಬಿಕೊಂಡಿದ್ದೆ. ಆದರೆ, ಅತ್ತಿಗೆ, ಮ್ಯಾರಥಾನಿಗೆ ನಿಮ್ಮನ್ನು ಕರೆದೊಯ್ದದ್ದು ನನ್ನ ಹೊಸ ಸ್ಕೂಟರಿನಲ್ಲಿ. “ಸೀಟಿನ್ ಪ್ಲಾಸ್ಟಿಕ್ಕೂ ತೆಗ್ದಿಲ್ವಲ್ಲೋ, ಜಾರ್ತಾ ಅವ್ನಿ,” ಎಂದು ಮೈಸೂರು ಮುಟ್ಟುವ ತನಕ ನನ್ನ ಭುಜ ಹಿಡಿದು ನಗುತ್ತಿದ್ದಿರಿ. ಸ್ಕೂಟರು ಬಂದಿತ್ತೆಂದರೆ ಬೈಕು ಮಾರಿ ಆಗಿತ್ತು. ಬಿರುಕು ಗಾಜಿನ ಆ ಮೀಟರನ್ನು ನಾನು ಆಮೇಲೆ ನೋಡಿರಲು ಸಾಧ್ಯವೇ ಇಲ್ಲ.

ಯಾಕೆ ಹೇಳಲಿಲ್ಲ? ಸರಿಯಾದ ದೂರ ಹಾಕಿದರೆ ನನ್ನ ಸೂತ್ರವೇ ನಾಲ್ಕು ಗಂಟೆ ದಾಟುತ್ತಿತ್ತು. ಅಣ್ಣ ಷರತ್ತು ಹಾಕಿ ಆಗಿತ್ತು. ನೀವು ಖುಷಿಯಲ್ಲಿದ್ದಿರಿ... ಇಲ್ಲ, ನಿಮ್ಮ ಖುಷಿಯನ್ನು ಇಲ್ಲಿಗೆ ಎಳೆದು ತರುವುದು ಸುಳ್ಳು. ಊಟದ ಮನೆಯಲ್ಲಿ ಅಂಕಿ ಒಪ್ಪಿಸಿದವನು ನಾನು. ಅದೇ ಊಟದ ಮನೆಯಲ್ಲಿ ‘ತಪ್ಪಾಯಿತು’ ಎನ್ನಲು ನನಗೆ ಬಾಯಿ ಬರಲಿಲ್ಲ. ಅಷ್ಟೇ.

ಮೈಸೂರಿನಲ್ಲಿ ನೀವು ನಾನು ಹೇಳಿಕೊಟ್ಟ ವೇಗದಲ್ಲೇ ಓಡಿದಿರಿ. ಅರ್ಧ ದಾರಿಯಲ್ಲಿ ನನ್ನ ಮುಂದೆ ಹಾದಾಗ ಗಡಿಯಾರ ಎತ್ತಿ ತೋರಿಸಿದಿರಿ — ಸರಿಯಾದ ಸಮಯ. ಮೂವತ್ತು ಕಿಲೋಮೀಟರು ದಾಟಿದ ಮೇಲೆ ನೋಡಿದರೆ ತೊಡೆಯ ಮೇಲೆ ಕೈ ಊರಿಕೊಂಡು ನಡೆಯುತ್ತಿದ್ದಿರಿ. ತುಟಿ ಬಿಳಿಚಿತ್ತು. ನಾನು ಸ್ಕೂಟರು ನಿಲ್ಲಿಸಿ, “ಓಡಿ ಅತ್ತಿಗೆ, ಲೆಕ್ಕದ ಪ್ರಕಾರ ಆಗುತ್ತೆ,” ಎಂದೆ. ಎಂದೆನೇ? ಹೌದು, ಎಂದೆ. ನೀವು ನನ್ನ ಮುಖ ನೋಡಿ, ಮತ್ತೆ ಓಡಲು ಹೋಗಿ, ಫುಟ್‌ಪಾತಿನ ಮೇಲೆ ಕುಸಿದು ಕೂತಿರಿ. ಹೇಗೋ ಎದ್ದಿರಿ. ನಡೆದು ನಡೆದು ಮುಗಿಸಿದಾಗ ನಾಲ್ಕೂಮುಕ್ಕಾಲು ಗಂಟೆಯಾಗಿತ್ತು.

ಅಣ್ಣ ಬಸ್ಸಿನಲ್ಲಿ ಬಂದು ಕಾದಿದ್ದ. ಕೆಟ್ಟವನಲ್ಲ, ನಿಮಗೆ ಎಳನೀರು ಹಿಡಿದು ನಿಂತಿದ್ದ. ನೀವು ಕುಡಿದು ಮುಗಿಸಿದ ಬುರುಡೆಯನ್ನು ಕೈಗೆ ತೆಗೆದುಕೊಂಡು, “ಆಯ್ತಲ್ಲ, ಬುಡು ಇನ್ನ,” ಎಂದ.

ಆ ಗಳಿಗೆಯಲ್ಲಿ ನಾನು ಕಲ್ಲಿನ ವಿಷಯ ಹೇಳಿದ್ದರೆ ಅವನು ಕೇಳುತ್ತಿದ್ದ. ಇನ್ನೊಂದು ಸಲ ಓಡಲಿ ಎನ್ನುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ ನೀವು ನನ್ನ ಕಡೆ ತಿರುಗಿದಿರಿ — ನನಗೆ ನೋವಾಗಬಾರದೆಂದು, ನನಗೆ —

“ನಿನ್ ಲೆಕ್ಕ ಸರ್ಯಾಗೇ ಇತ್ತು ಕಣಪ್ಪ. ನನ್ ಕಾಲೇ ಸರಿ ಇಲ್ಲ.”

ನಾನು ಸ್ಕೂಟರು ತರಲು ಹೋದೆ.

ಆ ಪ್ಯಾಂಟನ್ನು ನೀವು ಬಿಚ್ಚಿ ಹೊಲಿಗೆ ಮಿಷನ್ನಿನ ಮುಸುಕು ಮಾಡಿದಿರಿ. ನಿಮ್ಮ ಅಂಗಡಿಗೆ ಬಂದಾಗಲೆಲ್ಲ ಅದರ ಮೇಲೆ ಕಣ್ಣು ಬೀಳದ ಹಾಗೆ ಕೂರುವುದನ್ನು ನಾನು ಕಲಿತೆ. ನನಗೆ ಹುಣಸೂರಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಅಂದಾಜು ಎಲ್ಲಿ ತಪ್ಪುತ್ತದೆ ಎಂಬುದನ್ನೇ ವರ್ಷ ವರ್ಷವೂ ಪಾಠ ಮಾಡುತ್ತೇನೆ. ನಿಮ್ಮ ಉದಾಹರಣೆಯನ್ನು ಮಾತ್ರ ಒಮ್ಮೆಯೂ ಕೊಟ್ಟಿಲ್ಲ.

ಹೋದ ತಿಂಗಳು ನಿಮ್ಮ ಮಗಳು ನನಗೆ ಫೋನು ಮಾಡಿದ್ದಳು. ಕಾಲೇಜಿನಲ್ಲಿ ದೂರದ ಓಟಕ್ಕೆ ಹೆಸರು ಕೊಟ್ಟಿದ್ದಳಂತೆ, ವಾಪಸು ತೆಗೆದುಕೊಂಡಳಂತೆ. ಯಾಕಮ್ಮ ಎಂದೆ. ನಗುತ್ತಲೇ ನಿಮ್ಮ ದನಿಯನ್ನು ಅಣಕಿಸಿ ಹೇಳಿದಳು: “ಬ್ಯಾಡ ಕಣವ್ವ. ನಂದೂ ನಿಂದೂ ಒಂದೇ ಕಾಲು. ನಿಮ್ ಚಿಕ್ಕಪ್ಪ ಅಷ್ಟು ಓದಿ ಲೆಕ್ಕ ಆಕ್ಕೊಟ್ರೂ ನನ್ ಕೈಲಿ ಆಯ್ತಾ?”

ಫೋನು ಇಟ್ಟ ಮೇಲೆ ನನಗೆ ಕೂರಲಾಗಲಿಲ್ಲ. ನನ್ನ ನೆನಪನ್ನು ನಾನೇ ನಂಬದೆ, ಮಾರನೆಯ ದಿನ ಆ ರಸ್ತೆಗೆ ಹೋಗಿ ಎರಡು ಕಲ್ಲುಗಳ ನಡುವೆ ಫೋನಿನಲ್ಲಿ ದೂರ ಅಳೆಯುತ್ತಾ ನಡೆದೆ. ಈಗಲೂ ಮುಕ್ಕಾಲು ಕಿಲೋಮೀಟರೇ. ಬರುವಾಗ ನಿಮ್ಮ ಅಂಗಡಿಯ ಮುಂದೆಯೇ ಹಾದುಬಂದೆ. ಬಾಗಿಲು ತೆರೆದಿತ್ತು. ಮಂಡಿ ನೀವಿಕೊಂಡು ಯಾರದೋ ಅಳತೆ ತೆಗೆಯುತ್ತಿದ್ದಿರಿ. ನಾನು ಒಳಗೆ ಬರಲಿಲ್ಲ.

ನಿಮ್ಮ ಆ ಬೆಳಗುಗಳು ವಾಪಸು ಬರುವುದಿಲ್ಲ. ಈಗ ಮೆಟ್ಟಿಲು ಹತ್ತುವುದೇ ನಿಮಗೆ ಕಷ್ಟ. ಕ್ಷಮಿಸಿ ಎಂದು ಕೇಳಿದರೆ ನೀವು ತಕ್ಷಣ ಕ್ಷಮಿಸಿಬಿಡುತ್ತೀರಿ, ಅದಕ್ಕೇ ಕೇಳುವುದಿಲ್ಲ.

ಭಾನುವಾರ ಕೋಟೆಗೆ ಬರುತ್ತೇನೆ. ಅಂದು ಹೇಳಿದ ಹಾಗೆಯೇ, ಊಟಕ್ಕೆ ಕೂತಾಗ, ಅಣ್ಣನ ಮುಂದೆ, ನಿಮ್ಮ ಮಗಳ ಮುಂದೆ ಹೇಳುತ್ತೇನೆ. ಲೆಕ್ಕ ತಪ್ಪಿತ್ತು, ಅತ್ತಿಗೆ. ನಿಮ್ಮ ಕಾಲು ಸರಿಯಾಗಿತ್ತು.